ಹಳೆಯ ಟ್ರಾನ್ಸಿಸ್ಟರ್ ರೇಡಿಯೊಗಳ ಪವರ್ ಅಡಾಪ್ಟರ್

ಟ್ರಾನ್ಸಿಸ್ಟರ್ ರೇಡಿಯೊದ ಪವರ್ ಅಡಾಪ್ಟರ್ ಎಂಬುದು ಮನೆಯ ಗೋಡೆಯ ಸಾಕೆಟ್ಟಿನಲ್ಲಿ ದೊರೆಯುವ ಪರ್ಯಾಯ ವಿದ್ಯುತ್ತನ್ನು, ಬ್ಯಾಟರಿಯಿಂದ ನಡೆಯುವಂತೆ ರಚಿಸಲಾದ ಬಾನುಲಿ ಗ್ರಾಹಕಕ್ಕೆ ಬೇಕಾದ ಕಡಿಮೆ ವೋಲ್ಟೇಜಿನ ಏಕಮುಖ ವಿದ್ಯುತ್ತಾಗಿ ಮಾರ್ಪಡಿಸಿ ಒದಗಿಸುವ ಉಪಕರಣ. ಭಾರತದ ಮಾರುಕಟ್ಟೆಯಲ್ಲಿ ಇದು ಬಹುಕಾಲದಿಂದ ಬ್ಯಾಟರಿ ಎಲಿಮಿನೇಟರ್ ಎಂಬ ಹೆಸರಿನಿಂದಲೇ ಪರಿಚಿತವಾಗಿದೆ. ಹಳೆಯ ರೇಡಿಯೊಗಳ ಮೂಲ ಅಡಾಪ್ಟರ್ ಕಳೆದುಹೋಗಿರುವುದು ಅಥವಾ ಕೆಟ್ಟಿರುವುದು ಸಾಮಾನ್ಯವಾದುದರಿಂದ, ಅವುಗಳ ಬದಲಿಗೆ ಬೇರೊಂದನ್ನು ಆರಿಸಬೇಕಾದ ಸಂದರ್ಭ ಸಂಗ್ರಾಹಕರಿಗೂ ಮನೆಯಲ್ಲಿ ಹಿರಿಯರ ರೇಡಿಯೊ ಉಳಿಸಿಕೊಂಡವರಿಗೂ ಒದಗುತ್ತದೆ. ಈ ಆಯ್ಕೆಯಲ್ಲಿ ವೋಲ್ಟೇಜ್, ಧ್ರುವಗಳ ದಿಕ್ಕು, ಪ್ರವಾಹದ ಸಾಮರ್ಥ್ಯ ಮತ್ತು ವಿದ್ಯುತ್ ಪ್ರತ್ಯೇಕತೆ ಎಂಬ ನಾಲ್ಕು ಸಂಗತಿಗಳು ಮುಖ್ಯ. ಮೊದಲ ಎರಡರಲ್ಲಿ ತಪ್ಪಿದರೆ ರೇಡಿಯೊ ಹಾಳಾಗುತ್ತದೆ. ಕೊನೆಯದರಲ್ಲಿ ತಪ್ಪಿದರೆ ಕೇಳುವವರ ಪ್ರಾಣಕ್ಕೇ ಅಪಾಯವಾಗಬಹುದು.

ಹಿನ್ನೆಲೆ

ಟ್ರಾನ್ಸಿಸ್ಟರ್ 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡಿತು. ಅದನ್ನು ಬಳಸಿ ವಾಣಿಜ್ಯ ಮಟ್ಟದಲ್ಲಿ ಮಾರಾಟವಾದ ಮೊದಲ ಕಿರು ರೇಡಿಯೊ 1954ರ ರೀಜೆನ್ಸಿ ಟಿಆರ್-1. ಇದು 22.5 ವೋಲ್ಟಿನ ಬ್ಯಾಟರಿಯಿಂದ ನಡೆಯುತ್ತಿತ್ತು. 1955ರಲ್ಲಿ ಜಪಾನಿನಲ್ಲಿ ಸೋನಿ ಹೆಸರಿನ ಟಿಆರ್-55, 1957ರಲ್ಲಿ 9 ವೋಲ್ಟಿನ ಟಿಆರ್-63 ಬಂದವು. ಮುಂದಿನ ವರ್ಷಗಳಲ್ಲಿ 9 ವೋಲ್ಟಿನ ಚೌಕಾಕಾರದ ಪುಟ್ಟ ಬ್ಯಾಟರಿಯೂ 1.5 ವೋಲ್ಟಿನ ಟಾರ್ಚ್ ಸೆಲ್ಲುಗಳೂ ರೇಡಿಯೊದ ಸಾಮಾನ್ಯ ಆಹಾರವಾದವು. ಎರಡು, ಮೂರು, ನಾಲ್ಕು ಅಥವಾ ಆರು ಸೆಲ್ಲುಗಳನ್ನು ಸರಣಿಯಲ್ಲಿ ಜೋಡಿಸುವುದರಿಂದ 3, 4.5, 6 ಮತ್ತು 9 ವೋಲ್ಟ್ ಎಂಬ ಅಳತೆಗಳು ರೂಢಿಗೆ ಬಂದವು. ಇವಲ್ಲದ ಅಳತೆಗಳೂ ಇದ್ದವು: ಕೆಲವು ಬ್ರಿಟಿಷ್ ರೇಡಿಯೊಗಳಲ್ಲಿ ಪಿಪಿ9 ಎಂಬ ದೊಡ್ಡ ಗಾತ್ರದ 9 ವೋಲ್ಟ್ ಬ್ಯಾಟರಿಗಳೆರಡನ್ನು ಸರಣಿಯಲ್ಲಿ ಜೋಡಿಸಿ 18 ವೋಲ್ಟ್ ಪಡೆಯಲಾಗುತ್ತಿತ್ತು.

ಭಾರತದಲ್ಲಿ ಮರ್ಫಿ, ಬುಷ್, ಫಿಲಿಪ್ಸ್ ಮುಂತಾದ ಹೆಸರಿನ ಟ್ರಾನ್ಸಿಸ್ಟರ್ ರೇಡಿಯೊಗಳು ವಿದ್ಯುತ್ ತಲುಪದ ಹಳ್ಳಿಗಳಿಗೂ ಆಕಾಶವಾಣಿಯನ್ನು ಮುಟ್ಟಿಸಿದವು. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1962ರಿಂದ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸತೊಡಗಿತು. ಮನೆಗೆ ವಿದ್ಯುತ್ ಬಂದ ಮೇಲೂ ರೇಡಿಯೊ ಮಾತ್ರ ಹಳೆಯದೇ ಉಳಿಯಿತು. ತಿಂಗಳು ತಿಂಗಳು ಸೆಲ್ಲಿಗೆ ಹಣ ತೆರುವುದನ್ನು ತಪ್ಪಿಸಲು ಬಂದುದೇ ಎಲಿಮಿನೇಟರ್. ಒಂದು ಸ್ವಿಚ್ಚಿನಿಂದ 3, 4.5, 6, 7.5, 9, 12 ವೋಲ್ಟ್‌ಗಳನ್ನು ಆರಿಸಿಕೊಳ್ಳಬಹುದಾದ, ತಂತಿಯ ತುದಿಯಲ್ಲಿ ನಾಲ್ಕಾರು ಬಗೆಯ ಪಿನ್ನುಗಳ ಗೊಂಚಲಿರುವ ಅಗ್ಗದ ಎಲಿಮಿನೇಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಬಿಡಿಭಾಗಗಳ ಮಾರುಕಟ್ಟೆಗಳಲ್ಲಿ ಇಂದಿಗೂ ಕಾಣಸಿಗುತ್ತದೆ. ಹಳೆಯ ರೇಡಿಯೊಗಳಿಗೆ ಒದಗುವ ಹಾನಿಯಲ್ಲಿ ಸಾಕಷ್ಟು ಪಾಲು ಈ ಸ್ವಿಚ್ಚು ಮತ್ತು ಗೊಂಚಲುಗಳಿಂದಲೇ ಬರುತ್ತದೆ: ಕೈತಾಗಿ ಸ್ವಿಚ್ಚು 6ರಿಂದ 12ಕ್ಕೆ ಜರುಗಬಹುದು, ಪಿನ್ನನ್ನು ತಿರುಗಿಸಿ ಸಿಕ್ಕಿಸಿದರೆ ಧ್ರುವಗಳು ಅದಲುಬದಲಾಗಬಹುದು.

ವೋಲ್ಟೇಜ್

ರೇಡಿಯೊಗೆ ಬೇಕಾದ ವೋಲ್ಟೇಜ್ ಅದರ ಹಿಂಬದಿಯ ಮುಚ್ಚಳದ ಮೇಲೆ, ಸೆಲ್ಲಿನ ಗೂಡಿನ ಒಳಗೆ ಅಥವಾ ಅಡಾಪ್ಟರ್ ಸಾಕೆಟ್ಟಿನ ಪಕ್ಕದಲ್ಲಿ ನಮೂದಾಗಿರುತ್ತದೆ. ಬರಹ ಅಳಿಸಿಹೋಗಿದ್ದರೆ ಸರಣಿಯಲ್ಲಿರುವ ಸೆಲ್ಲುಗಳನ್ನು ಎಣಿಸಿ 1.5ರಿಂದ ಗುಣಿಸಬಹುದು. ಇಲ್ಲಿ ಒಂದು ಎಚ್ಚರಿಕೆ ಬೇಕು: ಕೆಲವು ರೇಡಿಯೊಗಳಲ್ಲಿ ದೀಪಕ್ಕೋ ಗಡಿಯಾರಕ್ಕೋ ಬೇರೆ ಸೆಲ್ಲುಗಳಿರುತ್ತವೆ; ಅವನ್ನು ಲೆಕ್ಕಕ್ಕೆ ಸೇರಿಸಬಾರದು. ಎರಡು ಸಾಲುಗಳು ಸಮಾಂತರವಾಗಿ ಜೋಡಣೆಯಾಗಿರುವ ಸಂದರ್ಭಗಳೂ ಇವೆ.

ಹೊಸ ಸೆಲ್ಲಿನ ನಿಜವಾದ ವೋಲ್ಟೇಜ್ 1.5ಕ್ಕಿಂತ ತುಸು ಹೆಚ್ಚು, ಸುಮಾರು 1.6 ವೋಲ್ಟ್. ಆದ್ದರಿಂದ ಆರು ಸೆಲ್ಲಿನ ರೇಡಿಯೊ ಹೊಸ ಸೆಲ್ಲು ಹಾಕಿದ ದಿನ 9.6 ವೋಲ್ಟನ್ನು ಕಾಣುತ್ತದೆ. ಸೆಲ್ಲುಗಳು ಸೋರಿ ಒಂದೊಂದೂ 1 ವೋಲ್ಟಿಗೆ ಇಳಿದಾಗ 6 ವೋಲ್ಟಿನಲ್ಲಿಯೂ ಕ್ಷೀಣವಾಗಿ ಹಾಡುತ್ತಿರುತ್ತದೆ. ಅಂದರೆ ವೋಲ್ಟೇಜ್ ಕೊಂಚ ಕಡಿಮೆಯಾದರೆ ಧ್ವನಿ ಕುಗ್ಗುವುದು, ಏರುಧ್ವನಿಯಲ್ಲಿ ಸ್ವರ ಒಡೆಯುವುದು ಇಷ್ಟೇ. ಹೆಚ್ಚಾದರೆ ಮಾತ್ರ ಹಾನಿ. ಸಂದೇಹವಿದ್ದಾಗ ಕಡಿಮೆಯ ಕಡೆಗೆ ವಾಲುವುದು ಕ್ಷೇಮ. ಈ ಕಾರಣದಿಂದಲೇ ನಾಲ್ಕು ಸೆಲ್ಲಿನ 6 ವೋಲ್ಟ್ ರೇಡಿಯೊ 5 ವೋಲ್ಟಿನ ಮೂಲದಿಂದಲೂ ಸಾಮಾನ್ಯವಾಗಿ ತೊಂದರೆಯಿಲ್ಲದೆ ನಡೆಯುತ್ತದೆ.

ಹಳೆಯ ಮಾದರಿಯ ಅಡಾಪ್ಟರಿನ ಮೇಲೆ ಬರೆದ ಅಂಕಿಯನ್ನು ನಂಬುವುದರಲ್ಲಿ ದೊಡ್ಡ ಅಪಾಯವಿದೆ. ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡು ಮತ್ತು ಒಂದು ಕೆಪ್ಯಾಸಿಟರ್ ಮಾತ್ರ ಇರುವ ಸರಳ ಅಡಾಪ್ಟರಿನಲ್ಲಿ ವೋಲ್ಟೇಜನ್ನು ಸ್ಥಿರವಾಗಿಡುವ ಏರ್ಪಾಡು ಇರುವುದಿಲ್ಲ. ಟ್ರಾನ್ಸ್‌ಫಾರ್ಮರಿನಿಂದ ಬರುವ 9 ವೋಲ್ಟ್ ಪರ್ಯಾಯ ವಿದ್ಯುತ್ತಿನ ಶಿಖರ ಬೆಲೆ 9ರ 1.414 ಪಟ್ಟು, ಎಂದರೆ ಸುಮಾರು 12.7 ವೋಲ್ಟ್. ಡಯೋಡುಗಳಲ್ಲಿ 1.4 ವೋಲ್ಟ್ ಕಳೆದರೂ ಕೆಪ್ಯಾಸಿಟರ್ 11.3 ವೋಲ್ಟಿಗೆ ತುಂಬಿಕೊಳ್ಳುತ್ತದೆ. ಇದರ ಮೇಲೆ, ಪುಟ್ಟ ಟ್ರಾನ್ಸ್‌ಫಾರ್ಮರುಗಳ ವೋಲ್ಟೇಜ್ ಹೊರೆಯಿಲ್ಲದಾಗ ಗಮನಾರ್ಹವಾಗಿ ಏರುತ್ತದೆ. ಫಲವಾಗಿ 9 ವೋಲ್ಟ್ ಎಂದು ಮುದ್ರಿತವಾದ ಅಡಾಪ್ಟರ್ ಹೊರೆಯಿಲ್ಲದಾಗ ಮೀಟರಿನಲ್ಲಿ 13 ಅಥವಾ 14 ವೋಲ್ಟ್ ತೋರಿಸುವುದು ಅಸಹಜವಲ್ಲ. ಮುದ್ರಿತ ಅಂಕಿ ನಿಜವಾಗುವುದು ಅಡಾಪ್ಟರ್ ತನ್ನ ಪೂರ್ಣ ಸಾಮರ್ಥ್ಯದ ಪ್ರವಾಹವನ್ನು ಕೊಡುತ್ತಿರುವಾಗ ಮಾತ್ರ. 500 ಮಿಲಿಆಂಪಿಯರ್ ಕೊಡಬಲ್ಲ ಅಡಾಪ್ಟರಿಗೆ ಮೆಲುದನಿಯಲ್ಲಿ 20 ಮಿಲಿಆಂಪಿಯರ್ ಸೆಳೆಯುವ ರೇಡಿಯೊ ಹೊರೆಯೇ ಅಲ್ಲ. ಆಗ ರೇಡಿಯೊದ ಒಳಗೆ ಹೆಚ್ಚುಕಡಿಮೆ 13 ವೋಲ್ಟೇ ಹರಿಯುತ್ತದೆ. 10 ವೋಲ್ಟ್ ತಾಳುವಂತೆ ಗುರುತಿಸಿದ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಹಳೆಯ ರೇಡಿಯೊಗಳಲ್ಲಿ ಸಾಮಾನ್ಯ. ಜರ್ಮೇನಿಯಂ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಬಿಸಿಯಾದಷ್ಟೂ ಹೆಚ್ಚು ಪ್ರವಾಹ ಸೆಳೆದು, ಆ ಪ್ರವಾಹದಿಂದ ಮತ್ತಷ್ಟು ಬಿಸಿಯಾಗುವ ಸ್ವಭಾವದವು. ಹೆಚ್ಚಿದ ವೋಲ್ಟೇಜು ಈ ಸರಪಳಿಗೆ ಕಿಡಿ ಹಚ್ಚುತ್ತದೆ.

ಗ್ರಾಮೀಣ ಪ್ರದೇಶಗಳಲ್ಲಿ ರಾತ್ರಿ ಹೊರೆ ಇಳಿದಾಗ ಗೋಡೆಯ ವೋಲ್ಟೇಜೇ 230ರಿಂದ ಮೇಲೇರುವುದುಂಟು. ಅದು 260 ಮುಟ್ಟಿದರೆ ಇಂತಹ ಸರಳ ಅಡಾಪ್ಟರಿನ ಹೊರವೋಲ್ಟೇಜು ಅದೇ ಪ್ರಮಾಣದಲ್ಲಿ, ಶೇ. 13ರಷ್ಟು ಏರುತ್ತದೆ. ಸ್ಥಿರೀಕೃತ ಅಡಾಪ್ಟರಿನಲ್ಲಿ ಈ ತೊಡಕುಗಳಾವುವೂ ಇಲ್ಲ. ಹೊರೆ ಇರಲಿ ಇಲ್ಲದಿರಲಿ, 9 ವೋಲ್ಟಿನದು 9ರ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಕೈಯಲ್ಲಿರುವ ಅಡಾಪ್ಟರ್ ಯಾವ ಬಗೆಯದೆಂದು ತಿಳಿಯಲು ಅದನ್ನು ರೇಡಿಯೊಗೆ ಜೋಡಿಸದೆ ಬರಿದೆ ಅಳೆದು ನೋಡಿದರೆ ಸಾಕು.

ಡಿಸಿ ಬದಲು ಪರ್ಯಾಯ ವಿದ್ಯುತ್ತನ್ನೇ ಹೊರಗೆ ಕೊಡುವ ಅಡಾಪ್ಟರುಗಳೂ ಇವೆ. ನೋಟದಲ್ಲಿ ವ್ಯತ್ಯಾಸವಿಲ್ಲ, ಹೊರವೋಲ್ಟೇಜಿನ ಅಂಕಿಯ ಮುಂದೆ ಅಲೆಯಾಕಾರದ ಗೆರೆಯಿದ್ದರೆ ಅದು ಪರ್ಯಾಯ ವಿದ್ಯುತ್, ನೇರ ಗೆರೆಯ ಕೆಳಗೆ ತುಂಡುಗೆರೆಗಳಿದ್ದರೆ ಏಕಮುಖ ವಿದ್ಯುತ್. ಮೊದಲನೆಯದನ್ನು ಸಾಮಾನ್ಯ ಟ್ರಾನ್ಸಿಸ್ಟರ್ ರೇಡಿಯೊಗೆ ಕೊಡಬಾರದು.

ಧ್ರುವಗಳ ದಿಕ್ಕು

ಇತ್ತೀಚಿನ ಉಪಕರಣಗಳಲ್ಲಿ ಪಿನ್ನಿನ ಒಳಭಾಗ ಧನ, ಹೊರಕವಚ ಋಣ ಎಂಬುದು ಬಹುಮಟ್ಟಿಗೆ ರೂಢಿ. ಹಳೆಯ ರೇಡಿಯೊಗಳಲ್ಲಿ ಇದಕ್ಕೆ ವಿರುದ್ಧವಾದ ಜೋಡಣೆ ಹೇರಳವಾಗಿದೆ. ಇದಕ್ಕೆ ಒಂದು ಕಾರಣ ಆ ಕಾಲದ ಟ್ರಾನ್ಸಿಸ್ಟರುಗಳಲ್ಲಿದೆ. ಓಸಿ44, ಓಸಿ45, ಓಸಿ71, ಎಸಿ128 ಮುಂತಾದ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಪಿಎನ್‌ಪಿ ಬಗೆಯವು. ಅವನ್ನು ಬಳಸಿದ ಮಂಡಲಗಳಲ್ಲಿ ಬ್ಯಾಟರಿಯ ಧನ ತುದಿಯನ್ನೇ ಸಾಮಾನ್ಯ ನೆಲವಾಗಿ ಇಟ್ಟುಕೊಳ್ಳುವುದು ಅನುಕೂಲವಾಗಿತ್ತು. ಸಾಕೆಟ್ಟಿನ ಹೊರಭಾಗ ನೆಲಕ್ಕೆ ಸೇರುವುದರಿಂದ ಹೊರಕವಚ ಧನವೂ ನಡುವಿನ ಪಿನ್ ಋಣವೂ ಆದವು. ಸಿಲಿಕಾನ್ ಎನ್‌ಪಿಎನ್ ಟ್ರಾನ್ಸಿಸ್ಟರುಗಳು ಬಂದ ಮೇಲೂ ಕೆಲವು ತಯಾರಕರು ತಮ್ಮ ಹಳೆಯ ಅಡಾಪ್ಟರುಗಳೇ ಸಲ್ಲುವಂತೆ ಋಣಕೇಂದ್ರದ ಜೋಡಣೆಯನ್ನೇ ಮುಂದುವರಿಸಿದರು.

ದಿಕ್ಕನ್ನು ತೋರಿಸಲು ಸಾಕೆಟ್ಟಿನ ಬಳಿ ಒಂದು ಚುಕ್ಕೆ ಮತ್ತು ಅದನ್ನು ಮುಕ್ಕಾಲು ಸುತ್ತುವ ಕಮಾನಿನ ಚಿತ್ರವಿರುತ್ತದೆ. ಚುಕ್ಕೆಯ ಕಡೆಗೆ ಹೋಗುವ ಗೆರೆಯ ಚಿಹ್ನೆ ನಡುವಿನ ಪಿನ್ನಿನದು, ಕಮಾನಿನ ಕಡೆಯ ಚಿಹ್ನೆ ಹೊರಕವಚದ್ದು. ಚಿತ್ರ ಇಲ್ಲದಿದ್ದರೆ ಮಲ್ಟಿಮೀಟರಿನಿಂದ ಪತ್ತೆ ಹಚ್ಚಬಹುದು. ಸೆಲ್ಲುಗಳನ್ನು ಹೊರತೆಗೆದು, ರೇಡಿಯೊವನ್ನು ಆರಿಸಿ, ಸೆಲ್ಲಿನ ಗೂಡಿನ ಎರಡು ಕೊನೆಯ ತುದಿಗಳಲ್ಲಿ ಯಾವುದು ಸಾಕೆಟ್ಟಿನ ನಡುವಿನ ಪಿನ್ನಿಗೆ ನೇರ ಸಂಪರ್ಕ ಹೊಂದಿದೆಯೆಂದು ನೋಡಬೇಕು. ಗೂಡಿನಲ್ಲಿ ಋಣ ತುದಿಯನ್ನು ಸುರುಳಿ ಸ್ಪ್ರಿಂಗು ಸೂಚಿಸುತ್ತದೆ. ಆ ಸ್ಪ್ರಿಂಗಿನ ತುದಿಗೂ ಪಿನ್ನಿಗೂ ಸಂಪರ್ಕವಿದ್ದರೆ ರೇಡಿಯೊ ಋಣಕೇಂದ್ರದ್ದು.

ದಿಕ್ಕು ತಪ್ಪಿದರೆ ಮೊದಲು ಹಾಳಾಗುವವು ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರುಗಳು ಮತ್ತು ಐಸಿಗಳು. ಕೆಲವು ರೇಡಿಯೊಗಳಲ್ಲಿ ವಿರುದ್ಧ ಪ್ರವಾಹವನ್ನು ತಡೆಯುವ ಅಥವಾ ತನ್ನ ಮೇಲೆಳೆದುಕೊಳ್ಳುವ ಡಯೋಡು ಇರುತ್ತದೆಯಾದರೂ ಅದನ್ನು ನೆಚ್ಚುವಂತಿಲ್ಲ. ಒಂದು ಬಾರಿಯ ತಪ್ಪನ್ನು ತಾಳಿಕೊಂಡ ಡಯೋಡು ಎರಡನೆಯ ಬಾರಿ ಇಲ್ಲದಿರಬಹುದು.

9 ವೋಲ್ಟಿನ ಚೌಕ ಬ್ಯಾಟರಿಯ ರೇಡಿಯೊಗಳಲ್ಲಿ ಅಡಾಪ್ಟರ್ ಸಾಕೆಟ್ಟೇ ಇರದಿದ್ದಾಗ, ಬ್ಯಾಟರಿಯ ಕ್ಲಿಪ್ಪಿಗೆ ಇನ್ನೊಂದು ಕ್ಲಿಪ್ಪನ್ನು ಎದುರಾಗಿಸಿ ವಿದ್ಯುತ್ ಕೊಡುವ ಉಪಾಯವನ್ನು ಅನೇಕರು ಅನುಸರಿಸುತ್ತಾರೆ. ಇದರಲ್ಲಿ ಒಂದು ಗುಪ್ತ ಬಲೆಯಿದೆ. ಬ್ಯಾಟರಿಯ ಮೇಲಿರುವ ಸಣ್ಣ ಗುಂಡಿ ಧನ, ದೊಡ್ಡ ಬಾಯಿಯ ಗುಂಡಿ ಋಣ. ಅಂಗಡಿಯಲ್ಲಿ ಸಿಗುವ ಕ್ಲಿಪ್ಪು ಬ್ಯಾಟರಿಗೆ ಎದುರಾಗಿ ಕೂರುವಂತೆ ರಚಿತವಾಗಿದ್ದು, ಅದರ ದೊಡ್ಡ ಬಾಯಿಗೆ ಕೆಂಪು ತಂತಿ, ಸಣ್ಣ ಗುಂಡಿಗೆ ಕಪ್ಪು ತಂತಿ ಇರುತ್ತದೆ. ಅದೇ ಕ್ಲಿಪ್ಪು ಬ್ಯಾಟರಿಯ ಸ್ಥಾನದಲ್ಲಿ ನಿಂತಾಗ ಬಣ್ಣಗಳು ತಿರುಗುಮುರುಗಾಗುತ್ತವೆ. ಅಡಾಪ್ಟರಿನ ಧನವನ್ನು ಕಪ್ಪು ತಂತಿಗೂ ಋಣವನ್ನು ಕೆಂಪು ತಂತಿಗೂ ಜೋಡಿಸಿದರೆ ಮಾತ್ರ ರೇಡಿಯೊಗೆ ಸರಿಯಾದ ದಿಕ್ಕು ಸಿಗುತ್ತದೆ. ಬಣ್ಣವನ್ನು ನಂಬಿ ಬೆಸುಗೆ ಹಾಕಿದವರು ರೇಡಿಯೊ ಕಳೆದುಕೊಳ್ಳುವುದು ಇಲ್ಲಿಯೇ.

ಪಿನ್ನು ಮತ್ತು ಸಾಕೆಟ್ಟು

ಪಿನ್ನು ಸಾಕೆಟ್ಟಿಗೆ ಹೊಂದಿಕೊಂಡಿತೆಂಬುದು ಅಡಾಪ್ಟರ್ ಹೊಂದುತ್ತದೆಂಬುದಕ್ಕೆ ಪುರಾವೆಯಲ್ಲ. ಜಪಾನಿನ ಇಐಎಜೆ ಮಾನದಂಡವು ಈ ಗೊಂದಲವನ್ನು ಕಡಿಮೆ ಮಾಡಲು ವೋಲ್ಟೇಜಿನ ಶ್ರೇಣಿಗೊಂದು ಪಿನ್ನಿನ ಗಾತ್ರವನ್ನು ನಿಗದಿಪಡಿಸಿತು: 3.15 ವೋಲ್ಟಿನವರೆಗೆ ಹೊರವ್ಯಾಸ 2.35 ಮಿಲಿಮೀಟರ್, 6.3 ವೋಲ್ಟಿನವರೆಗೆ 4.0, 10.5 ವೋಲ್ಟಿನವರೆಗೆ 4.75. ಈ ಮಾನದಂಡದ ಪಿನ್ನುಗಳೆಲ್ಲವೂ ಧನಕೇಂದ್ರದವು. ಆದರೆ ಅದಕ್ಕೂ ಹಿಂದಿನ ರೇಡಿಯೊಗಳಿಗೆ ಈ ನಿಯಮ ಅನ್ವಯಿಸದು. ಅವುಗಳ ಸಾಕೆಟ್ಟು ತಯಾರಕರ ಇಚ್ಛೆಗೆ ಬಿಟ್ಟದ್ದಾಗಿತ್ತು.

ಕೆಲವು ರೇಡಿಯೊಗಳಲ್ಲಿ ಅಡಾಪ್ಟರಿಗೂ ಇಯರ್‌ಫೋನಿನ ಮಾದರಿಯ 3.5 ಅಥವಾ 2.5 ಮಿಲಿಮೀಟರ್ ಜ್ಯಾಕನ್ನೇ ಬಳಸಲಾಗಿದೆ. ಇದು ಎರಡು ಕಾರಣಗಳಿಗಾಗಿ ಕೆಟ್ಟ ಆಯ್ಕೆಯೆಂದೇ ಹೇಳಬೇಕು. ಸಿಕ್ಕಿಸುವಾಗ ಪಿನ್ನಿನ ತುದಿಯು ಕ್ಷಣಕಾಲ ಸಾಕೆಟ್ಟಿನ ಹೊರಭಾಗಕ್ಕೆ ತಗುಲಿ ಅಡಾಪ್ಟರ್ ಶಾರ್ಟ್ ಆಗುತ್ತದೆ. ಪಕ್ಕದಲ್ಲಿಯೇ ಇರುವ ಇಯರ್‌ಫೋನ್ ಸಾಕೆಟ್ಟಿಗೆ ತಪ್ಪಿ ಸಿಕ್ಕಿಸಿದರೆ ವಿದ್ಯುತ್ತು ನೇರವಾಗಿ ಔಟ್‌ಪುಟ್ ಹಂತಕ್ಕೆ ನುಗ್ಗುತ್ತದೆ. ಇಂತಹ ರೇಡಿಯೊಗಳಲ್ಲಿ ಮೊದಲು ಪಿನ್ನು ಸಿಕ್ಕಿಸಿ, ಅನಂತರ ಗೋಡೆಯ ಸ್ವಿಚ್ಚನ್ನು ಹಾಕುವುದೇ ಸರಿಯಾದ ಕ್ರಮ.

ಸಾಕೆಟ್ಟಿನೊಳಗೆ ಸಾಮಾನ್ಯವಾಗಿ ಒಂದು ಪುಟ್ಟ ಸ್ವಿಚ್ಚಿದ್ದು, ಪಿನ್ನು ಒಳಹೋದೊಡನೆ ಸೆಲ್ಲುಗಳ ಸಂಪರ್ಕವನ್ನು ಕಡಿದುಹಾಕುತ್ತದೆ. ಈ ಸ್ವಿಚ್ಚು ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಅಥವಾ ಯಾರೋ ಹಿಂದೆ ದುರಸ್ತಿ ಮಾಡುವಾಗ ಸಾಕೆಟ್ಟನ್ನು ಸೆಲ್ಲುಗಳಿಗೆ ನೇರವಾಗಿ ಬೆಸೆದಿದ್ದರೆ, ಅಡಾಪ್ಟರ್ ಸೆಲ್ಲುಗಳನ್ನು ಚಾರ್ಜ್ ಮಾಡಲು ತೊಡಗುತ್ತದೆ. ಒಣ ಸೆಲ್ಲುಗಳು ಮರುಚಾರ್ಜಿಗೆ ಯೋಗ್ಯವಲ್ಲ. ಅವು ಬಿಸಿಯಾಗಿ ಸೋರುತ್ತವೆ, ಕೆಲವೊಮ್ಮೆ ಸಿಡಿಯುತ್ತವೆ. ಅಡಾಪ್ಟರಿನಿಂದ ನಡೆಸುವಾಗ ಸೆಲ್ಲುಗಳನ್ನು ಹೊರತೆಗೆದಿಡುವುದು ಹಳೆಯ ರೇಡಿಯೊಗಳ ಮಟ್ಟಿಗೆ ಒಳ್ಳೆಯ ಅಭ್ಯಾಸ.

ಪ್ರವಾಹದ ಸಾಮರ್ಥ್ಯ

ಅಡಾಪ್ಟರಿನ ಮೇಲಿನ ಮಿಲಿಆಂಪಿಯರ್ ಅಂಕಿ ಅದು ಕೊಡಬಲ್ಲ ಗರಿಷ್ಠ ಪ್ರವಾಹವೇ ಹೊರತು ರೇಡಿಯೊದೊಳಗೆ ತುಂಬುವ ಪ್ರವಾಹವಲ್ಲ. ವೋಲ್ಟೇಜ್ ಸರಿಯಿದ್ದರೆ ರೇಡಿಯೊ ತನಗೆ ಬೇಕಾದಷ್ಟನ್ನೇ ಸೆಳೆಯುತ್ತದೆ. ಆದ್ದರಿಂದ 200 ಮಿಲಿಆಂಪಿಯರ್ ಬೇಡುವ ರೇಡಿಯೊಗೆ 1 ಆಂಪಿಯರಿನ ಸ್ಥಿರೀಕೃತ ಅಡಾಪ್ಟರ್ ಬಳಸಿದರೆ ರೇಡಿಯೊ ಸುಟ್ಟುಹೋಗುತ್ತದೆಂಬ ಜನಜನಿತ ನಂಬಿಕೆ ತಪ್ಪು. ಸರಳ ಅಡಾಪ್ಟರಿನ ವಿಷಯದಲ್ಲಿ ಮಾತ್ರ ಈ ನಂಬಿಕೆಯಲ್ಲಿ ಒಂದಂಶ ಸತ್ಯವಿದೆ, ಏಕೆಂದರೆ ಮೇಲೆ ಹೇಳಿದಂತೆ ದೊಡ್ಡ ಸಾಮರ್ಥ್ಯದ ಸರಳ ಅಡಾಪ್ಟರ್ ಚಿಕ್ಕ ಹೊರೆಯ ಎದುರು ವೋಲ್ಟೇಜನ್ನು ಏರಿಸಿಕೊಂಡಿರುತ್ತದೆ. ಹೆಚ್ಚು ಸಾಮರ್ಥ್ಯದ ಅಡಾಪ್ಟರಿನ ನಿಜವಾದ ತೊಂದರೆಯೆಂದರೆ ರೇಡಿಯೊದೊಳಗೆ ಶಾರ್ಟ್ ಉಂಟಾದಾಗ ಅದು ತಂತಿ ಸುಡುವಷ್ಟು ಪ್ರವಾಹವನ್ನು ಒದಗಿಸಬಲ್ಲದು. ಹೊರತಂತಿಯಲ್ಲಿ 250 ಮಿಲಿಆಂಪಿಯರಿನ ಫ್ಯೂಸೊಂದನ್ನು ಸೇರಿಸಿದರೆ ಅದು ನಿವಾರಣೆಯಾಗುತ್ತದೆ.

ರೇಡಿಯೊ ಎಷ್ಟು ಸೆಳೆಯುತ್ತದೆಂದು ಅಳೆಯಲು ಸುಲಭ ಮಾರ್ಗವಿದೆ. ಸೆಲ್ಲುಗಳಿರುವಾಗ ರೇಡಿಯೊವನ್ನು ಆರಿಸಿಟ್ಟು, ಅದರ ಸ್ವಿಚ್ಚಿನ ಎರಡು ತುದಿಗಳಿಗೆ ಮಿಲಿಆಂಪಿಯರ್ ಅಳತೆಗೆ ಹೊಂದಿಸಿದ ಮೀಟರನ್ನು ತಗುಲಿಸಿದರೆ ಮೀಟರಿನ ಮೂಲಕವೇ ರೇಡಿಯೊ ನಡೆಯುತ್ತದೆ. ಚಿಕ್ಕ ರೇಡಿಯೊಗಳು ಮೌನದಲ್ಲಿ 10ರಿಂದ 20 ಮಿಲಿಆಂಪಿಯರ್, ಏರುಧ್ವನಿಯಲ್ಲಿ ಅದರ ಹಲವು ಪಟ್ಟು ಸೆಳೆಯುತ್ತವೆ. ಡಯಲ್ ದೀಪವಿದ್ದರೆ ಅದೊಂದೇ ಇನ್ನಷ್ಟನ್ನು ಬೇಡುತ್ತದೆ.

ವಿದ್ಯುತ್ ಪ್ರತ್ಯೇಕತೆ

ಟ್ರಾನ್ಸಿಸ್ಟರ್ ರೇಡಿಯೊದ ಲೋಹದ ಏರಿಯಲ್, ಇಯರ್‌ಫೋನ್, ತಿರುಗುಗುಂಡಿಯ ತಿರುಪು ಇವೆಲ್ಲವೂ ಒಳಮಂಡಲಕ್ಕೆ ನೇರವಾಗಿಯೋ ಬಳಸಾಗಿಯೋ ಸೇರಿರುತ್ತವೆ. 9 ವೋಲ್ಟಿನ ಬ್ಯಾಟರಿಯಿಂದ ನಡೆಯುವಾಗ ಇದರಿಂದ ಯಾವ ಅಪಾಯವೂ ಇಲ್ಲ. ಹಾಗಾಗಿಯೇ ವಿನ್ಯಾಸಕರು ಅವನ್ನು ಮೈಗೆ ತಗುಲದಂತೆ ಮುಚ್ಚುವ ಗೋಜಿಗೆ ಹೋಗಿಲ್ಲ. ಗೋಡೆಯ 230 ವೋಲ್ಟಿಗೂ ಈ ಭಾಗಗಳಿಗೂ ನಡುವೆ ಇರುವ ಏಕೈಕ ತಡೆ ಅಡಾಪ್ಟರಿನ ಒಳಗಿನ ನಿರೋಧಕ ಪದರ. ಟ್ರಾನ್ಸ್‌ಫಾರ್ಮರಿನ ಪ್ರಾಥಮಿಕ ಸುರುಳಿಗೂ ದ್ವಿತೀಯಕ ಸುರುಳಿಗೂ ನಡುವಿನ ಆ ಪದರ ಭೇದಿಸಿದರೆ, ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡು ಒದ್ದೆ ನೆಲದ ಮೇಲೆ ನಿಂತವರ ಮೈಯ ಮೂಲಕ ವಿದ್ಯುತ್ತು ಹರಿಯುತ್ತದೆ. ರೇಡಿಯೊ ಆಗಲೂ ಹಾಡುತ್ತಿರಬಹುದು; ದೋಷದ ಸುಳಿವು ಹೊರಗೆ ಕಾಣದು.

ಉತ್ತಮ ಅಡಾಪ್ಟರುಗಳಲ್ಲಿ ಎರಡು ಸುರುಳಿಗಳನ್ನು ಪ್ಲಾಸ್ಟಿಕ್ ಗೋಡೆಯಿರುವ ಬೇರೆ ಬೇರೆ ಗೂಡುಗಳಲ್ಲಿ ಸುತ್ತಿರುತ್ತಾರೆ. ಹೆಚ್ಚು ಬಿಸಿಯಾದರೆ ಕಡಿದುಹೋಗುವ ಉಷ್ಣ ಫ್ಯೂಸನ್ನು ಪ್ರಾಥಮಿಕ ಸುರುಳಿಯಲ್ಲಿ ಹುದುಗಿಸಿರುತ್ತಾರೆ. ಹೀಗೆ ಕಡಿದುಹೋದ ಫ್ಯೂಸನ್ನು ತಂತಿಯಿಂದ ಬೆಸೆದು ಅಡಾಪ್ಟರನ್ನು ಬದುಕಿಸುವುದು ಅತ್ಯಂತ ಅಪಾಯಕಾರಿ ದುರಸ್ತಿ. ಇಮ್ಮಡಿ ನಿರೋಧನವಿರುವ ಉಪಕರಣದ ಗುರುತು ಒಂದು ಚೌಕದೊಳಗೆ ಇನ್ನೊಂದು ಚೌಕ. ಭಾರತದಲ್ಲಿ ಪವರ್ ಅಡಾಪ್ಟರುಗಳು 2012ರ ಕಡ್ಡಾಯ ನೋಂದಣಿ ಆದೇಶದ ವ್ಯಾಪ್ತಿಗೆ ಬಂದಿದ್ದು, ಅವುಗಳ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು ಮತ್ತು ಆರ್ ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ತೂಕವೂ ತಯಾರಕರ ಹೆಸರೂ ಇಲ್ಲದ ಅಗ್ಗದ ಎಲಿಮಿನೇಟರುಗಳಲ್ಲಿ ಇವು ಯಾವುವೂ ಕಾಣಸಿಗುವುದಿಲ್ಲ.

ಇನ್ನೂ ಕೆಟ್ಟ ಬಗೆಯೊಂದಿದೆ. ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು, ಗೋಡೆಯ ವಿದ್ಯುತ್ತಿಗೆ ಒಂದು ಕೆಪ್ಯಾಸಿಟರನ್ನು ಸರಣಿಯಲ್ಲಿ ಜೋಡಿಸಿ ವೋಲ್ಟೇಜನ್ನು ತಗ್ಗಿಸುವ ಮಂಡಲಗಳು ಹವ್ಯಾಸಿಗಳ ಪುಟಗಳಲ್ಲಿ ಪ್ರಚಲಿತವಾಗಿವೆ. ಮೀಟರಿನಲ್ಲಿ ಅವು 9 ವೋಲ್ಟನ್ನೇ ತೋರಿಸುತ್ತವೆ. ಆದರೆ ಅಲ್ಲಿ ಪ್ರತ್ಯೇಕತೆ ಎಂಬುದೇ ಇಲ್ಲ; ಪ್ಲಗ್ಗನ್ನು ತಿರುಗಿಸಿ ಹಾಕಿದರೆ ರೇಡಿಯೊದ ಏರಿಯಲ್ ಗೋಡೆಯ ಜೀವಂತ ತಂತಿಗೆ ಸಮನಾಗುತ್ತದೆ. ಸಂಪೂರ್ಣವಾಗಿ ಮುಚ್ಚಿದ ದೀಪಗಳಿಗೆ ಸಲ್ಲುವ ಈ ತಂತ್ರ ರೇಡಿಯೊಗೆ ಎಂದಿಗೂ ಸಲ್ಲದು.

ಹೊಸ ಸ್ವಿಚಿಂಗ್ ಅಡಾಪ್ಟರುಗಳಲ್ಲಿ ಏರಿಯಲ್ ಮುಟ್ಟಿದಾಗ ಬೆರಳಿಗೆ ಜುಮ್ಮೆನ್ನುವ ಅನುಭವವಾಗುವುದುಂಟು. ಅಧಿಕ ಆವೃತ್ತಿಯ ಗದ್ದಲವನ್ನು ಅಡಗಿಸಲು ಎರಡೂ ಬದಿಗಳ ನಡುವೆ ಜೋಡಿಸಿದ ವಿಶೇಷ ಕೆಪ್ಯಾಸಿಟರಿನ ಮೂಲಕ ಸೋರುವ ಅತ್ಯಲ್ಪ ಪ್ರವಾಹ ಇದಕ್ಕೆ ಕಾರಣ. ಪರಿಷ್ಕೃತ ಅಡಾಪ್ಟರಿನಲ್ಲಿ ಇದು ಹಾನಿಕರ ಮಟ್ಟಕ್ಕಿಂತ ಬಹಳ ಕೆಳಗಿರುತ್ತದೆ. ಅಡಾಪ್ಟರಿನ ಹೊರತಂತಿಗೂ ಭೂಸಂಪರ್ಕಕ್ಕೂ ನಡುವೆ ಡಿಜಿಟಲ್ ಮೀಟರ್ ನೂರರ ಆಸುಪಾಸಿನ ವೋಲ್ಟ್ ತೋರಿಸಿದರೂ ಅದರಿಂದಷ್ಟೇ ದೋಷವನ್ನು ನಿರ್ಣಯಿಸಲಾಗದು, ಏಕೆಂದರೆ ಮೀಟರಿನ ರೋಧ ಬಹಳ ಹೆಚ್ಚು. ನಿರೋಧನದ ಖಚಿತ ಪರೀಕ್ಷೆಗೆ 500 ವೋಲ್ಟಿನ ಮೆಗ್ಗರ್ ಬೇಕು. ಅದು ವಿದ್ಯುತ್ ಕೆಲಸಗಾರರ ಬಳಿ ಇರುತ್ತದೆ. ತಂತಿಯ ಹೊದಿಕೆ ಬಿರುಕು ಬಿಟ್ಟ, ಪೆಟ್ಟಿಗೆ ಸೀಳಿದ, ಸುಟ್ಟ ವಾಸನೆ ಬರುವ ಅಡಾಪ್ಟರನ್ನು ಪರೀಕ್ಷಿಸುವ ಅಗತ್ಯವೂ ಇಲ್ಲ, ಅದನ್ನು ಕೈಬಿಡುವುದೇ ಸರಿ. ಮಲೆನಾಡಿನಂತಹ ಗುಡುಗುಸಿಡಿಲಿನ ಪ್ರದೇಶಗಳಲ್ಲಿ ಮೋಡ ಕವಿದಾಗ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಡುವ ವಾಡಿಕೆ ವಿವೇಕಯುತವಾದುದು.

ಹೊರದೇಶದಿಂದ ಬಂದ ಅಡಾಪ್ಟರುಗಳು

ಜಪಾನಿನ ಮನೆಗಳ ವಿದ್ಯುತ್ತು 100 ವೋಲ್ಟಿನದು, ಅಮೆರಿಕದ್ದು 120. ರೇಡಿಯೊದ ಜೊತೆಗೆ ಆ ದೇಶಗಳಿಂದ ಬಂದ ಮೂಲ ಅಡಾಪ್ಟರನ್ನು ಭಾರತದ 230 ವೋಲ್ಟಿಗೆ ಸಿಕ್ಕಿಸಿದರೆ ಅದರ ಕಬ್ಬಿಣದ ತಿರುಳು ಸಂತೃಪ್ತಗೊಂಡು ಪ್ರಾಥಮಿಕ ಸುರುಳಿ ಕೆಲವೇ ಕ್ಷಣಗಳಲ್ಲಿ ಸುಡುತ್ತದೆ. ಅಷ್ಟರೊಳಗೆ ದುಪ್ಪಟ್ಟು ವೋಲ್ಟೇಜು ರೇಡಿಯೊವನ್ನೂ ತಲುಪಿರುತ್ತದೆ. 60 ಹರ್ಟ್ಸ್‌ಗೆಂದು ರಚಿಸಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಸರಿಯಾದ ವೋಲ್ಟೇಜು ಕೊಟ್ಟರೂ ಹೆಚ್ಚು ಬಿಸಿಯಾಗುತ್ತದೆ. ಮೂಲ ಅಡಾಪ್ಟರನ್ನು ಸಂಗ್ರಹದ ವಸ್ತುವಾಗಿ ಉಳಿಸಿಕೊಂಡು, ಬಳಕೆಗೆ 230 ವೋಲ್ಟಿನದನ್ನೇ ಕೊಳ್ಳುವುದು ಲೇಸು.

ಗದ್ದಲ ಮತ್ತು ಗುಂಯ್‌ಗುಟ್ಟುವಿಕೆ

ಸುರಕ್ಷಿತವಾದ ಅಡಾಪ್ಟರೆಲ್ಲವೂ ರೇಡಿಯೊಗೆ ಒಗ್ಗುವುದಿಲ್ಲ. ಮೊಬೈಲ್ ಚಾರ್ಜರಿನಂತಹ ಹಗುರವಾದ ಸ್ವಿಚಿಂಗ್ ಅಡಾಪ್ಟರುಗಳು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಬಾರಿ ಕಡಿದು ಜೋಡಿಸುತ್ತವೆ. ಅದರ ಗುಣಾವರ್ತಗಳು ಮಧ್ಯಮ ತರಂಗದ ಪಟ್ಟಿಯ ಉದ್ದಕ್ಕೂ ಹರಡಿಕೊಳ್ಳುತ್ತವೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಥವಾ ಧಾರವಾಡದ 765 ಕಿಲೋಹರ್ಟ್ಸ್ ಕೇಂದ್ರವನ್ನು ದೂರದಿಂದ ಹಿಡಿಯಬಯಸುವವರಿಗೆ ಬರೀ ಬುಸುಗುಟ್ಟುವಿಕೆ ಕೇಳಿಸುವುದಕ್ಕೆ ಇದೇ ಕಾರಣ. ಎಫ್‌ಎಂ ಮಾತ್ರ ಕೇಳುವವರಿಗೆ ಈ ತೊಂದರೆ ಕಡಿಮೆ.

ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನಲ್ಲಿ ಇಂತಹ ಬುಸುಗುಟ್ಟುವಿಕೆ ಇಲ್ಲ, ಬದಲಿಗೆ 100 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ಇದೆ. 0.1 ಆಂಪಿಯರ್ ಪ್ರವಾಹಕ್ಕೆ 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಇದ್ದರೆ, ಎರಡು ಶಿಖರಗಳ ನಡುವಿನ 0.01 ಸೆಕೆಂಡಿನಲ್ಲಿ ವೋಲ್ಟೇಜು ಸುಮಾರು 1 ವೋಲ್ಟಿನಷ್ಟು ಕುಸಿದು ಏರುತ್ತದೆ. ಅಗ್ಗದ ಎಲಿಮಿನೇಟರುಗಳಲ್ಲಿ ಕೆಪ್ಯಾಸಿಟರ್ ಇದಕ್ಕಿಂತ ಚಿಕ್ಕದಿರುವುದರಿಂದ ಗುಂಯ್‌ಗುಟ್ಟುವಿಕೆ ಎದ್ದು ಕೇಳುತ್ತದೆ. ಪ್ರಬಲ ಕೇಂದ್ರಕ್ಕೆ ಟ್ಯೂನ್ ಮಾಡಿದಾಗ ಮಾತ್ರ ಕೇಳಿಸುವ ಇನ್ನೊಂದು ಬಗೆಯ ಗುಂಯ್‌ಗುಟ್ಟುವಿಕೆಯಿದೆ. ಅದು ಡಯೋಡುಗಳ ಮೂಲಕ ಹಾಯುವ ರೇಡಿಯೊ ತರಂಗಗಳಿಂದ ಉಂಟಾಗುವುದು. ಪ್ರತಿಯೊಂದು ಡಯೋಡಿಗೂ ಸಮಾಂತರವಾಗಿ 0.01 ಮೈಕ್ರೊಫ್ಯಾರಡಿನ ಸಿರಾಮಿಕ್ ಕೆಪ್ಯಾಸಿಟರನ್ನು ಸೇರಿಸುವುದು ಇದಕ್ಕೆ ಹಳೆಯ ಮದ್ದು.

ಎರಡೂ ಗುಣಗಳನ್ನು ಪಡೆಯಲು ಬಯಸುವವರು ಟ್ರಾನ್ಸ್‌ಫಾರ್ಮರ್ ಅಡಾಪ್ಟರಿನ ಹೊರಗೆ ರೇಖೀಯ ನಿಯಂತ್ರಕ ಐಸಿಯೊಂದನ್ನು ಸೇರಿಸುತ್ತಾರೆ. 6 ವೋಲ್ಟಿಗೆ 7806, 9 ವೋಲ್ಟಿಗೆ 7809 ಸಾಮಾನ್ಯವಾಗಿ ದೊರೆಯುತ್ತವೆ; ಒಳಬರುವ ವೋಲ್ಟೇಜು ಹೊರಗಿನದಕ್ಕಿಂತ 2 ವೋಲ್ಟಿಗೂ ಮಿಗಿಲಾಗಿರಬೇಕು. 4.5 ವೋಲ್ಟಿಗೆ ಎಲ್‌ಎಂ317 ಐಸಿಯನ್ನು 240 ಮತ್ತು 620 ಓಮ್ ರೋಧಕಗಳೊಡನೆ ಬಳಸಬಹುದು. 14 ವೋಲ್ಟನ್ನು 9ಕ್ಕೆ ಇಳಿಸಿ 0.1 ಆಂಪಿಯರ್ ಕೊಡುವಾಗ ಐಸಿಯಲ್ಲಿ ವ್ಯಯವಾಗುವುದು ಅರ್ಧ ವಾಟ್ ಮಾತ್ರ.

ವಾಲ್ವ್ ಪೋರ್ಟಬಲ್‌ಗಳು

ಟ್ರಾನ್ಸಿಸ್ಟರಿಗೂ ಹಿಂದಿನ, ಕೈಯಲ್ಲಿ ಒಯ್ಯಬಹುದಾದ ವಾಲ್ವ್ ರೇಡಿಯೊಗಳು ಬೇರೆಯೇ ಜಾತಿಯವು. ಅವುಗಳಿಗೆ ತಂತು ಕಾಯಿಸಲು 1.5 ವೋಲ್ಟಿನಂತಹ ಒಂದು ಬ್ಯಾಟರಿಯೂ, ಆನೋಡಿಗೆ 67.5 ಅಥವಾ 90 ವೋಲ್ಟಿನ ಇನ್ನೊಂದು ಬ್ಯಾಟರಿಯೂ ಬೇಕು. ಎರಡನ್ನು ಅದಲುಬದಲು ಮಾಡಿದರೆ ಎಲ್ಲ ವಾಲ್ವುಗಳ ತಂತುಗಳೂ ಒಮ್ಮೆಗೇ ಸುಟ್ಟುಹೋಗುತ್ತವೆ. ಬ್ಯಾಟರಿಯಿಂದಲೂ ಗೋಡೆಯ ವಿದ್ಯುತ್ತಿನಿಂದಲೂ ನಡೆಯುವ ಕೆಲವು ಮಾದರಿಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಚಾಸಿಯೇ ಗೋಡೆಯ ತಂತಿಗೆ ಸೇರಿರುತ್ತದೆ. ಅಂತಹವನ್ನು ಪ್ರತ್ಯೇಕತಾ ಟ್ರಾನ್ಸ್‌ಫಾರ್ಮರಿನ ಮೂಲಕವಲ್ಲದೆ ನಡೆಸುವುದು ಸಾಧುವಲ್ಲ.

ಮೊದಲ ಬಾರಿ ಜೋಡಿಸುವಾಗ

ಬಹುಕಾಲ ಸುಮ್ಮನಿದ್ದ ರೇಡಿಯೊಗೆ ಅಡಾಪ್ಟರಿನಿಂದ ಒಮ್ಮೆಗೇ ವಿದ್ಯುತ್ ಕೊಡುವುದಕ್ಕಿಂತ ಹೊಸ ಸೆಲ್ಲುಗಳಿಂದ ನಡೆಸಿ ನೋಡುವುದು ಮೊದಲ ಹೆಜ್ಜೆ. ಸೆಲ್ಲಿನಲ್ಲಿ ಸರಿಯಾಗಿ ಹಾಡಿದ ರೇಡಿಯೊ ಅಡಾಪ್ಟರಿನಲ್ಲಿ ಹಾಡದಿದ್ದರೆ ದೋಷ ಎಲ್ಲಿದೆಯೆಂದು ಆಗ ತಿಳಿಯುತ್ತದೆ. ಅನಂತರ ಅಡಾಪ್ಟರಿನ ವೋಲ್ಟೇಜನ್ನೂ ಪಿನ್ನಿನ ದಿಕ್ಕನ್ನೂ ಅಳೆದು, ಧನ ತಂತಿಯಲ್ಲಿ 6 ವೋಲ್ಟಿನ ಟಾರ್ಚ್ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ ರೇಡಿಯೊಗೆ ಜೋಡಿಸಬಹುದು. ಎಲ್ಲವೂ ಸರಿಯಿದ್ದರೆ ಬಲ್ಬು ಉರಿಯುವುದೇ ಇಲ್ಲ, ಅಥವಾ ಏರುಧ್ವನಿಯಲ್ಲಿ ನಸುವಾಗಿ ಮಿನುಗುತ್ತದೆ. ಒಳಗೆ ಶಾರ್ಟ್ ಇದ್ದರೆ ಅಥವಾ ದಿಕ್ಕು ತಪ್ಪಿ ರಕ್ಷಕ ಡಯೋಡು ಪ್ರವಾಹವನ್ನು ಎಳೆಯುತ್ತಿದ್ದರೆ ಬಲ್ಬು ಪೂರ್ಣ ಪ್ರಕಾಶದಿಂದ ಉರಿದು, ಪ್ರವಾಹವನ್ನು ತಾನೇ ಮಿತಿಯಲ್ಲಿಡುತ್ತದೆ. ಮೊದಲ ಅರ್ಧ ಗಂಟೆ ಔಟ್‌ಪುಟ್ ಟ್ರಾನ್ಸಿಸ್ಟರುಗಳನ್ನೂ ಅಡಾಪ್ಟರಿನ ಪೆಟ್ಟಿಗೆಯನ್ನೂ ಆಗಾಗ ಮುಟ್ಟಿ ನೋಡಬೇಕು. ಟ್ರಾನ್ಸ್‌ಫಾರ್ಮರ್ ಅಡಾಪ್ಟರ್ ಉಗುರುಬೆಚ್ಚಗಿರುವುದು ಸಹಜ. ಕೈ ಇಡಲಾಗದಷ್ಟು ಬಿಸಿಯಾದರೆ ಕೂಡಲೇ ಗೋಡೆಯಿಂದ ಬಿಡಿಸಬೇಕು.

ಮಧ್ಯಮ ತರಂಗದ ದೂರದ ಕೇಂದ್ರಗಳನ್ನು ಹಿಡಿಯುವ ಹವ್ಯಾಸಿಗಳು ಅಡಾಪ್ಟರಿನ ಗೊಡವೆಯೇ ಬೇಡವೆಂದು ಮರುಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳನ್ನು ಬಳಸುತ್ತಾರೆ. ಒಂದೊಂದೂ 1.2 ವೋಲ್ಟ್ ಆದುದರಿಂದ ಆರು ಸೆಲ್ಲುಗಳಿಗೆ 7.2 ವೋಲ್ಟ್ ಮಾತ್ರ ದೊರೆಯುತ್ತದೆ. ಆದರೂ ಸೋರುವವರೆಗೆ ವೋಲ್ಟೇಜು ಹೆಚ್ಚು ಕುಸಿಯದಿರುವುದರಿಂದ ಬಹುತೇಕ ರೇಡಿಯೊಗಳು ಇದರಲ್ಲಿ ಚೆನ್ನಾಗಿಯೇ ನಡೆಯುತ್ತವೆ. ಈ ಸೆಲ್ಲುಗಳನ್ನು ರೇಡಿಯೊದ ಒಳಗೆ ಇಟ್ಟು ಅಡಾಪ್ಟರಿನಿಂದ ಚಾರ್ಜ್ ಮಾಡುವಂತಿಲ್ಲ. ಅದಕ್ಕೆಂದೇ ಇರುವ ಚಾರ್ಜರಿನಲ್ಲಿ ಹೊರಗೆ ಮಾಡಬೇಕು.